ಹದಿನೈದು ವರ್ಷದ ಮಗನಿಗೆ ಓದು ಕಲಿಸುವುದು: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಒಬ್ಬ ತಾಯಿ

ನನ್ನ ಮಗನಿಗೆ ಈಗ ಹದಿನೈದು ವರ್ಷ. ನಡಿಗೆ, ಮಾತು ಎರಡೂ ತಡವಾಗಿ ಬಂದವು. ಬೆಳವಣಿಗೆ ನಿಧಾನವಾಗಿದೆ ಎಂದು ವೈದ್ಯರು ಚಿಕ್ಕಂದಿನಲ್ಲಿಯೇ ಹೇಳಿದ್ದರು. ಆದರೆ ಅದಕ್ಕೆ ಕಾರಣವೇನೆಂಬುದು ಯಾವ ಪರೀಕ್ಷೆಯಿಂದಲೂ ತಿಳಿದುಬರಲಿಲ್ಲ. ಈಗ ಅವನು ಚಿಕ್ಕ ವಾಕ್ಯಗಳಲ್ಲಿ ತನಗೆ ಬೇಕಾದದ್ದನ್ನು ಹೇಳುತ್ತಾನೆ ಮತ್ತು ನಾವು ಹೇಳುವುದರಲ್ಲಿ ಹೆಚ್ಚಿನದನ್ನು ಗ್ರಹಿಸುತ್ತಾನೆ. ಸೈಕಲ್ಲನ್ನು ಬಿಚ್ಚಿ ಜೋಡಿಸುವುದೆಂದರೆ ಅವನಿಗೆ ಬಲು ಇಷ್ಟ. ಯಾವ ನಟ್ಟಿಗೆ ಯಾವ ಸ್ಪ್ಯಾನರ್ ಎಂಬುದು ಅವನಿಗೆ ನೋಡಿದೊಡನೆ ತಿಳಿಯುತ್ತದೆ.

ಓದು ಮಾತ್ರ ಬಂದಿಲ್ಲ. ವರ್ಣಮಾಲೆಯನ್ನು ಮೊದಲಿನಿಂದ ಕೊನೆಯವರೆಗೆ ತಡೆಯಿಲ್ಲದೆ ಹೇಳುತ್ತಾನೆ. ಆದರೆ ನಡುವಿನ ಒಂದು ಅಕ್ಷರವನ್ನು ಪ್ರತ್ಯೇಕವಾಗಿ ತೋರಿಸಿದರೆ ಕೆಲವನ್ನಷ್ಟೇ ಗುರುತಿಸುತ್ತಾನೆ, ಉಳಿದವುಗಳಿಗೆ ಬಾಯಿಗೆ ಬಂದ ಅಕ್ಷರವನ್ನು ಹೇಳಿಬಿಡುತ್ತಾನೆ. ಹಲಗೆಯ ಮೇಲಿನ ಪಾಠವನ್ನು ದುಂಡಾದ ಅಕ್ಷರಗಳಲ್ಲಿ ಪುಟಗಟ್ಟಲೆ ನೋಡಿ ಬರೆಯುತ್ತಾನೆ. ಬರೆದದ್ದರಲ್ಲಿ ಒಂದು ಪದವನ್ನು ಓದು ಎಂದರೆ ಸುಮ್ಮನಾಗುತ್ತಾನೆ. ತನ್ನ ಹೆಸರನ್ನು ಎಲ್ಲಿ ಕಂಡರೂ ಗುರುತಿಸುತ್ತಾನೆ. ಅವನ ಶಾಲೆಯಲ್ಲಿ, ಓದು ಬರುವ ವಯಸ್ಸು ಮೀರಿದೆ, ಇನ್ನು ದಿನನಿತ್ಯದ ಕೆಲಸಗಳನ್ನಷ್ಟೇ ಕಲಿಸಿ ಎಂದು ಹೇಳಿದ್ದಾರೆ.

ನಿಜವಾಗಿಯೂ ತಡವಾಗಿದೆಯೇ? ಆರಂಭಿಸುವುದಾದರೆ ಅಕ್ಷರಗಳಿಂದ ಆರಂಭಿಸಬೇಕೇ ಅಥವಾ ಇಡೀ ಪದಗಳಿಂದಲೇ? ಪುಟ್ಟ ಮಕ್ಕಳ ಚಿತ್ರಪುಸ್ತಕವನ್ನು ಮುಂದಿಟ್ಟರೆ ಅವನು ಅದನ್ನು ಮುಚ್ಚಿ ಪಕ್ಕಕ್ಕೆ ಸರಿಸುತ್ತಾನೆ, ಹಾಗೆ ಸರಿಸುವುದರಲ್ಲಿ ತಪ್ಪೇನೂ ಇಲ್ಲವೆಂದು ನನಗೂ ಅನಿಸುತ್ತದೆ. ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ 1: ವಿಶೇಷ ಶಿಕ್ಷಕಿ

ತಡವಾಗಿಲ್ಲ. ಓದು ಕಲಿಯುವುದಕ್ಕೆ ಮಾನಸಿಕ ವಯಸ್ಸು, ಅಂದರೆ ಬುದ್ಧಿಯ ಬೆಳವಣಿಗೆ ಎಷ್ಟು ವರ್ಷದ ಮಗುವಿನಷ್ಟಿದೆ ಎಂಬ ಅಳತೆ, ಆರೂವರೆ ವರ್ಷ ತುಂಬಿರಬೇಕು ಎಂಬ ನಂಬಿಕೆ ಅಮೆರಿಕದಲ್ಲಿ 1931ರಲ್ಲಿ ಪ್ರಕಟವಾದ ಒಂದು ಅಧ್ಯಯನದಿಂದ ಹರಡಿತು. ಅದರ ನೆರಳಿನಲ್ಲಿ ಎಷ್ಟೋ ಮಕ್ಕಳನ್ನು "ಇನ್ನೂ ಸಿದ್ಧರಾಗಿಲ್ಲ" ಎಂದು ಕಾಯಿಸಿ, ಬಳಿಕ "ವಯಸ್ಸು ಮೀರಿತು" ಎಂದು ಕೈಬಿಡಲಾಯಿತು. ಬುದ್ಧಿಸೂಚ್ಯಂಕ (ಐಕ್ಯೂ, ಸರಾಸರಿ 100) 40ರಿಂದ 80ರ ನಡುವೆ ಇದ್ದ ಮಕ್ಕಳಿಗೆ ಹಲವು ವರ್ಷ ಕ್ರಮಬದ್ಧವಾಗಿ, ಪ್ರತಿದಿನವೂ ಓದು ಕಲಿಸಿ ನೋಡಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಗಿದೆ. ಆ ಮಕ್ಕಳು ಇತರರಿಗಿಂತ ಬಹಳ ನಿಧಾನವಾಗಿ ಕಲಿತರು, ಆದರೆ ಕಲಿತರು. ಅವರು ನಿಮ್ಮ ಮಗನಿಗಿಂತ ಚಿಕ್ಕವರು ಎಂಬುದು ನಿಜ. ಆದರೆ ಬಾಲ್ಯದಲ್ಲಿ ಶಾಲೆಯ ಮುಖ ಕಾಣದೆ, ದೊಡ್ಡವರಾದ ಮೇಲೆ ಓದು ಕಲಿತವರ ಮಿದುಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವು, ಅಕ್ಷರಗಳನ್ನು ಗುರುತಿಸುವ ಮಿದುಳಿನ ಭಾಗವು ಅವರಲ್ಲಿಯೂ ರೂಪುಗೊಂಡಿರುವುದನ್ನು ತೋರಿಸಿತು. ಆದ್ದರಿಂದ ವಯಸ್ಸು ಮೀರಿತು ಎಂಬ ಮಾತನ್ನು ನೀವು ಒಪ್ಪಬೇಕಾಗಿಲ್ಲ.

ಪಾಠ ಆರಂಭಿಸುವ ಮೊದಲು ಅವನ ಶ್ರವಣ ಮತ್ತು ದೃಷ್ಟಿಯನ್ನು ಹೊಸದಾಗಿ ಪರೀಕ್ಷೆ ಮಾಡಿಸಿ. ಹಳೆಯ ವರದಿ ಸಾಲದು. ಕಿವಿಯ ನಡುಭಾಗದಲ್ಲಿ ದ್ರವ ತುಂಬಿಕೊಂಡು ಕೇಳಿಸುವುದು ಮಂದವಾಗಿದ್ದರೆ ತ-ದ, ಪ-ಬ, ಸ-ಶ ಇವುಗಳ ವ್ಯತ್ಯಾಸ ಅವನಿಗೆ ಸ್ಪಷ್ಟವಾಗುವುದಿಲ್ಲ, ಅದನ್ನು ನಾವು ಬುದ್ಧಿಯ ಕೊರತೆಯೆಂದು ತಿಳಿದುಬಿಡುತ್ತೇವೆ.

ನೀವು ಕೊಟ್ಟಿರುವ ವಿವರ ಬಹಳ ಉಪಯುಕ್ತವಾಗಿದೆ. ವರ್ಣಮಾಲೆಯನ್ನು ಹೇಳುವುದು ಬಾಯಿಪಾಠ, ಹಲಗೆಯನ್ನು ನೋಡಿ ಬರೆಯುವುದು ಚಿತ್ರ ಬಿಡಿಸುವ ಕೆಲಸ. ಇವೆರಡರಲ್ಲಿಯೂ ಅಕ್ಷರಕ್ಕೂ ಧ್ವನಿಗೂ ಸಂಬಂಧ ಕೂಡಿಲ್ಲ. ಆ ಸಂಬಂಧವನ್ನು ಕಟ್ಟುವುದೇ ಈಗಿನ ಕೆಲಸ. ಮೊದಲಿಗೆ ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಿ ಬರೆದಿಟ್ಟುಕೊಳ್ಳಿ. ಅಕ್ಷರಗಳನ್ನು ಚೀಟಿಗಳ ಮೇಲೆ ಬರೆದು, ಕಲಸಿ ತೋರಿಸಿದಾಗ ಅವನು ತಡವರಿಸದೆ ಹೇಳುವ ಅಕ್ಷರಗಳು ಯಾವುವು? ನೀವು ಒಂದು ಅಕ್ಷರವನ್ನು ಹೇಳಿದಾಗ ನಾಲ್ಕು ಚೀಟಿಗಳಲ್ಲಿ ಸರಿಯಾದುದನ್ನು ಆರಿಸುತ್ತಾನೆಯೇ? ಬರಹವನ್ನು ತೋರಿಸದೆ, ಬರೀ ಬಾಯಿಮಾತಿನಲ್ಲಿ "ಗ… ರ… ಗ… ಸ" ಎಂದು ಬಿಡಿಬಿಡಿಯಾಗಿ ಹೇಳಿದರೆ "ಗರಗಸ" ಎಂದು ಕೂಡಿಸಿ ಹೇಳಬಲ್ಲನೇ? ಮೂರನೆಯದು ಬಾರದಿದ್ದರೆ ಕೆಲವು ವಾರ ಅದನ್ನೇ ಆಟದಂತೆ ಮಾಡಿಸಿ. ಎಷ್ಟು ಅಕ್ಷರ ಕಲಿತರೂ ಕೂಡಿಸುವುದು ತಿಳಿಯದಿದ್ದರೆ ಪದ ಹುಟ್ಟುವುದಿಲ್ಲ.

ಬಳಿಕ ವರ್ಣಮಾಲೆಯ ಕ್ರಮವನ್ನು ಬಿಟ್ಟುಬಿಡಿ. ನಲವತ್ತೊಂಬತ್ತು ಅಕ್ಷರಗಳನ್ನು ಕಲಿತು, ಕಾಗುಣಿತ ಮುಗಿಸಿ, ಆಮೇಲೆ ಪದಕ್ಕೆ ಬರುವುದೆಂದರೆ ಅವನು ವರ್ಷಗಟ್ಟಲೆ ಅರ್ಥವಿಲ್ಲದ ಕೆಲಸ ಮಾಡಬೇಕಾಗುತ್ತದೆ. ರ, ಗ, ಸ, ದ, ಅ ಎಂಬ ಐದೇ ಅಕ್ಷರಗಳಿಂದ ಆರಂಭಿಸಿದರೆ ಸರ, ರಸ, ದರ, ಅರಸ, ಅಗಸ, ಗರಗಸ ಎಂಬ ಪದಗಳನ್ನು ಮೊದಲ ಹಂತದಲ್ಲಿಯೇ ಓದಬಹುದು. ಉಪಕರಣಗಳನ್ನು ಪ್ರೀತಿಸುವ ಹುಡುಗನಿಗೆ ಗರಗಸ, ಅರ ಎಂಬ ಪದಗಳು ಮೊದಲ ಪಾಠದಲ್ಲಿಯೇ ಸಿಗುವುದು ಒಂದು ಭಾಗ್ಯವೆಂದೇ ನಾನು ತಿಳಿಯುತ್ತೇನೆ. ಈ ಐದು ಅಕ್ಷರಗಳು ಕೈವಶವಾದ ಮೇಲೆ ಒಂದೊಂದಾಗಿ ಮ, ನ, ಲ, ಕ, ಬ ಸೇರಿಸುತ್ತ ಹೋಗಿ. ಪ್ರತಿ ಹೊಸ ಅಕ್ಷರದೊಡನೆ ಹಳೆಯವು ಕೂಡಿದ ಹೊಸ ಪದಗಳು ಬರಬೇಕು.

ನೋಟಕ್ಕೆ ಹತ್ತಿರವಾದ ಅಕ್ಷರಗಳನ್ನು ಒಟ್ಟಿಗೆ ಕಲಿಸಬೇಡಿ. ರ ಮತ್ತು ಠ, ದ ಮತ್ತು ಧ, ಬ ಮತ್ತು ಭ, ವ ಮತ್ತು ಪ, ಮ ಮತ್ತು ಯ ಇವುಗಳಲ್ಲಿ ಒಂದು ಚೆನ್ನಾಗಿ ನೆಲೆಗೊಂಡು ಬಹುಕಾಲವಾದ ಮೇಲಷ್ಟೇ ಇನ್ನೊಂದು ಬರಲಿ. ಮಹಾಪ್ರಾಣಗಳು ಸಾಮಾನ್ಯ ಪದಗಳಲ್ಲಿ ಕಡಿಮೆ ಬರುವುದರಿಂದ ಅವುಗಳನ್ನು ಬಹಳ ಹಿಂದಕ್ಕೆ ಹಾಕಬಹುದು.

ಕಾಗುಣಿತದಲ್ಲಿಯೂ ಅಷ್ಟೇ. "ಕ ಕಾ ಕಿ ಕೀ" ಎಂದು ಸಾಲಾಗಿ ಹಾಡುವ ಮಗು, ಒಂಟಿಯಾಗಿ "ಕೀ" ತೋರಿಸಿದಾಗ ಮೊದಲಿನಿಂದ ಹಾಡಿಕೊಂಡು ಬಂದು ಆ ಸ್ಥಾನವನ್ನು ಹುಡುಕುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಒಂದು ವ್ಯಂಜನಕ್ಕೆ ಎಲ್ಲ ಸ್ವರಚಿಹ್ನೆಗಳನ್ನು ಹಚ್ಚುವ ಬದಲು, ಒಂದು ಸ್ವರಚಿಹ್ನೆಯನ್ನು ಅವನಿಗೆ ಗೊತ್ತಿರುವ ಎಲ್ಲ ವ್ಯಂಜನಗಳಿಗೂ ಹಚ್ಚಿ ತೋರಿಸಿ. ಆ-ಕಾರದ ದೀರ್ಘವೊಂದು ಬಂದೊಡನೆ ದಾರ, ಸಾರ, ಮಾರ, ನಾಲಗೆಯ "ನಾ", ಎಲ್ಲವೂ ತೆರೆದುಕೊಳ್ಳುತ್ತವೆ. ಅದು ಗಟ್ಟಿಯಾದ ಮೇಲೆ ಇ-ಕಾರದ ಗುಡಿಸು, ಆಮೇಲೆ ಉ-ಕಾರದ ಕೊಂಬು. ಪು, ವು ಇವುಗಳಲ್ಲಿ ಕೊಂಬು ಕೆಳಗಿನಿಂದ ಹೊರಡುತ್ತದೆ, ಮಿ ಮತ್ತು ಯಿ ತಮ್ಮದೇ ಆಕಾರ ಪಡೆಯುತ್ತವೆ. ಇಂಥವನ್ನು ನಿಯಮದಿಂದ ಊಹಿಸಲು ಬಿಡದೆ, ಪ್ರತ್ಯೇಕವಾಗಿ ಹೇಳಿಕೊಡಿ.

ಕಲಿಸುವಾಗ ಅವನು ತಪ್ಪು ಉತ್ತರವನ್ನು ಅಭ್ಯಾಸ ಮಾಡಿಕೊಳ್ಳದಂತೆ ನೋಡಿಕೊಳ್ಳುವುದು ಮುಖ್ಯ. ಹೊಸ ಅಕ್ಷರವನ್ನು ತೋರಿಸಿದೊಡನೆ ನೀವೇ ಹೇಳಿ, ಅವನು ನಿಮ್ಮ ಹಿಂದೆ ಹೇಳಲಿ. ಕೆಲವು ಬಾರಿಯ ಬಳಿಕ, ತೋರಿಸಿ ನಾಲ್ಕೈದು ಸೆಕೆಂಡು ಕಾಯಿರಿ. ಗೊತ್ತಿದ್ದರೆ ಅವನೇ ಹೇಳುತ್ತಾನೆ, ಇಲ್ಲದಿದ್ದರೆ ಊಹಿಸುವ ಮೊದಲೇ ನೀವು ಹೇಳಿಬಿಡಿ. ಬಾಯಿಗೆ ಬಂದುದನ್ನು ಹೇಳುವ ರೂಢಿ ಇದರಿಂದ ಮೆಲ್ಲನೆ ಬಿಡುತ್ತದೆ. ಚಿತ್ರವನ್ನು ನೋಡಿ ಪದವನ್ನು ಊಹಿಸು ಎಂದು ಎಂದಿಗೂ ಹೇಳಬೇಡಿ. ಚಿತ್ರವನ್ನು ಓದಿದ ಮೇಲೆ ತೋರಿಸಿ. ಒಮ್ಮೆಗೆ ಹದಿನೈದು ನಿಮಿಷ ಸಾಕು, ಆದರೆ ಅದು ಪ್ರತಿದಿನವೂ ನಡೆಯಲಿ, ಸಾಧ್ಯವಾದರೆ ದಿನಕ್ಕೆ ಎರಡು ಸಲ. ಪ್ರತಿ ಪಾಠದಲ್ಲಿಯೂ ಹಳೆಯದು ಹೆಚ್ಚು, ಹೊಸದು ಒಂದೇ ಒಂದು.

ಎಷ್ಟು ಕಾಲ ಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕನ್ನಡದ ಮಕ್ಕಳು ಅಕ್ಷರಗಳನ್ನು ಕಲಿಯುವ ವೇಗವನ್ನು ಕುರಿತು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಯಾವ ತೊಂದರೆಯೂ ಇಲ್ಲದ ಮಕ್ಕಳಿಗೂ ಈ ಕಲಿಕೆ ಪ್ರಾಥಮಿಕ ತರಗತಿಗಳುದ್ದಕ್ಕೂ ಮುಂದುವರಿಯುವುದನ್ನು ತೋರಿಸಿದೆ. ನಮ್ಮ ಲಿಪಿಯಲ್ಲಿ ಗುರುತಿಸಬೇಕಾದ ಆಕಾರಗಳೇ ನೂರಾರು. ಹಾಗಿರುವಾಗ ನಿಮ್ಮ ಮಗನಿಗೆ ಕೆಲವು ವರ್ಷಗಳು ಹಿಡಿದರೆ ಅದನ್ನು ಸೋಲೆಂದು ಎಣಿಸಬಾರದು.

ಉತ್ತರ 2: ಒಬ್ಬ ತಂದೆ

ಮೇಲಿನ ಶಿಕ್ಷಕಿಯವರ ಮಾತುಗಳನ್ನು ಗೌರವದಿಂದ ಓದಿದೆ. ಒಂದು ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆಯಾಗಿದೆ. ನನ್ನ ಮಗಳಿಗೆ ಡೌನ್ ಸಿಂಡ್ರೋಮ್ ಇದೆ, ಈಗ ಅವಳು ಪ್ರೌಢಳು. ಈ ಸ್ಥಿತಿಯಿರುವ ಅನೇಕರಲ್ಲಿ ಕೇಳಿದ್ದನ್ನು ಕ್ಷಣಕಾಲ ನೆನಪಿನಲ್ಲಿ ಹಿಡಿದಿಡುವ ಶಕ್ತಿ ದುರ್ಬಲವಾಗಿರುತ್ತದೆ, ಕಂಡದ್ದನ್ನು ನೆನಪಿಡುವ ಶಕ್ತಿ ಅದಕ್ಕಿಂತ ಚೆನ್ನಾಗಿರುತ್ತದೆ. ನಾಲ್ಕು ಅಕ್ಷರಗಳನ್ನು ಬಿಡಿಬಿಡಿಯಾಗಿ ಕೇಳಿ ಕೂಡಿಸುವಷ್ಟರಲ್ಲಿ ಮೊದಲನೆಯದು ಅವಳಿಂದ ಜಾರಿಹೋಗುತ್ತಿತ್ತು. ಆದ್ದರಿಂದ ನಾವು ಇಡೀ ಪದಗಳಿಂದಲೇ ಆರಂಭಿಸಿದೆವು: ಮನೆಯವರ ಹೆಸರುಗಳು, ಅವಳ ವಸ್ತುಗಳ ಹೆಸರುಗಳು, ಅಪಾಯ, ಔಷಧ, ನಿಲ್ಲಿ, ಹೊರಗೆ ಎಂಬಂಥ ಅವಳ ಸುರಕ್ಷತೆಗೆ ಬೇಕಾದ ಪದಗಳು. ಹಲವು ಪದಗಳು ಅವಳ ಕಣ್ಣಿಗೆ ಪರಿಚಿತವಾದ ಮೇಲೆಯೇ ಆ ಪದಗಳಲ್ಲಿ ಒಂದೇ ಅಕ್ಷರ ಎಲ್ಲೆಲ್ಲಿ ಬಂದಿದೆ ಎಂದು ಹುಡುಕುವುದನ್ನು ಕಲಿಸಿದೆವು. ಅವಳು ಅಕ್ಷರಕ್ಕೆ ಬಂದದ್ದು ಪದದ ಬಾಗಿಲಿನಿಂದ.

ಇಡೀ ಪದಗಳಲ್ಲಿಯೇ ನಿಂತುಬಿಟ್ಟರೆ ಹೊಸ ಪದ ಎದುರಾದಾಗ ಕೈಚೆಲ್ಲಬೇಕಾಗುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಹದಿನೈದು ವರ್ಷ ಓದು ಬಾರದೆಂಬ ಮಾತನ್ನೇ ಕೇಳುತ್ತ ಬಂದ ಹುಡುಗನಿಗೆ, ಒಂದು ವಾರದಲ್ಲಿ ನಾಲ್ಕು ಪದಗಳನ್ನು ತಾನೇ ಓದಿದೆನೆಂಬ ಅನುಭವವನ್ನು ಕೊಡುವುದು ಸಣ್ಣ ಸಂಗತಿಯಲ್ಲ.

ಪುಸ್ತಕದ ವಿಚಾರದಲ್ಲಿ ನೀವು ಹೇಳಿದ್ದು ಸರಿ. ಮೀಸೆ ಮೂಡುತ್ತಿರುವ ಹುಡುಗನಿಗೆ ಬಾತುಕೋಳಿಯ ಕತೆ ಕೊಡುವುದು ಅವಮಾನವೇ. ಅವನಿಗೆ ತಕ್ಕ ಪುಸ್ತಕ ಅಂಗಡಿಯಲ್ಲಿ ಸಿಗುವುದಿಲ್ಲ, ಅದನ್ನು ನೀವೇ ಮಾಡಬೇಕು. ಅವನು ಸೈಕಲ್ ರಿಪೇರಿ ಮಾಡುವಾಗಿನ ಫೋಟೋಗಳನ್ನು ತೆಗೆದು, ಪ್ರತಿ ಪುಟಕ್ಕೊಂದು ಅಂಟಿಸಿ, ಏನು ಮಾಡುತ್ತಿದ್ದೀಯೆ ಎಂದು ಅವನನ್ನೇ ಕೇಳಿ. ಅವನು ಹೇಳಿದ ವಾಕ್ಯವನ್ನು ಕೆಳಗೆ ದೊಡ್ಡ ಅಕ್ಷರಗಳಲ್ಲಿ ಬರೆಯಿರಿ. ಪದಗಳ ನಡುವೆ ಸಾಕಷ್ಟು ಜಾಗ ಬಿಡಿ. ಅರ್ಥ ಅವನಿಗೆ ಮೊದಲೇ ಗೊತ್ತಿರುವುದರಿಂದ ಅವನ ಶಕ್ತಿಯೆಲ್ಲ ಅಕ್ಷರಗಳ ಮೇಲೆ ನಿಲ್ಲುತ್ತದೆ. ಅದೇ ಪುಟಗಳನ್ನು ಎಷ್ಟು ಸಲ ಓದಿದರೂ ನನ್ನ ಮಗಳಿಗೆ ಬೇಸರ ಬರುತ್ತಿರಲಿಲ್ಲ, ಏಕೆಂದರೆ ಅದರಲ್ಲಿದ್ದವಳು ಅವಳೇ.

ಉತ್ತರ 3: ವಾಕ್ ಮತ್ತು ಭಾಷಾ ಚಿಕಿತ್ಸಕ

ಇಬ್ಬರೂ ಹೇಳಿರುವ ದಾರಿಗಳು ಒಂದಕ್ಕೊಂದು ವಿರುದ್ಧವಲ್ಲ. ದಿನಕ್ಕೆ ಎರಡು ಪಾಠಗಳಿದ್ದರೆ ಒಂದರಲ್ಲಿ ಅಕ್ಷರಗಳನ್ನು ಕೂಡಿಸುವುದು, ಇನ್ನೊಂದರಲ್ಲಿ ಅವನ ಸ್ವಂತ ಪುಸ್ತಕ ಎಂದು ಇಟ್ಟುಕೊಳ್ಳಬಹುದು.

ನಾನು ಸೇರಿಸಬೇಕಾದದ್ದು ಭಾಷೆಯ ವಿಚಾರ. ಓದಿ ಅರ್ಥ ಮಾಡಿಕೊಳ್ಳುವುದೆಂದರೆ ಅಕ್ಷರಗಳನ್ನು ಬಿಡಿಸುವ ಸಾಮರ್ಥ್ಯ ಮತ್ತು ಕೇಳಿ ಅರ್ಥ ಮಾಡಿಕೊಳ್ಳುವ ಸಾಮರ್ಥ್ಯ ಇವೆರಡರ ಗುಣಲಬ್ಧ ಎಂದು ಗಫ್ ಮತ್ತು ಟನ್ಮರ್ ಎಂಬ ವಿದ್ವಾಂಸರು 1986ರಲ್ಲಿ ಹೇಳಿದರು. ಇದು ಕೂಡಿಸುವ ಲೆಕ್ಕವಲ್ಲ; ಎರಡರಲ್ಲಿ ಒಂದು ಸೊನ್ನೆಯಾದರೆ ಫಲವೂ ಸೊನ್ನೆ. ಆದ್ದರಿಂದ ಅವನು ತಾನಾಗಿ ಓದಲು ಇನ್ನೂ ಬಾರದ ಈ ಕಾಲದಲ್ಲಿಯೂ ಅವನಿಗೆ ಪ್ರತಿದಿನ ಗಟ್ಟಿಯಾಗಿ ಓದಿ ಹೇಳಿ. ಸೈಕಲ್ ಹೇಗೆ ಚಲಿಸುತ್ತದೆ, ಚೈನ್ ಏಕೆ ಕಳಚುತ್ತದೆ ಎಂಬಂಥ ವಿಷಯಗಳೇ ಆಗಲಿ. ನಡುವೆ ನಿಲ್ಲಿಸಿ "ಮುಂದೇನಾಗಬಹುದು?", "ಏಕೆ?" ಎಂದು ಕೇಳಿ, ಉತ್ತರಕ್ಕೆ ಸಾಕಷ್ಟು ಸಮಯ ಕೊಡಿ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ, ಅದನ್ನು ಕಲಿಸುವವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅವನು ಆಡುವುದು "ಹೋಗ್ತೀನಿ", ಪುಸ್ತಕದಲ್ಲಿರುವುದು "ಹೋಗುತ್ತೇನೆ". ಅವನ ಸ್ವಂತ ಪುಸ್ತಕದಲ್ಲಿ ಯಾವುದನ್ನು ಬರೆಯಬೇಕು? ಆರಂಭದಲ್ಲಿ ಕ್ರಿಯಾಪದವನ್ನು ಆದಷ್ಟು ದೂರವಿಟ್ಟು "ಇದು ಚಕ್ರ", "ಇದು ನನ್ನ ಸೈಕಲ್" ಎಂಬಂಥ, ಮಾತಿಗೂ ಬರಹಕ್ಕೂ ವ್ಯತ್ಯಾಸವಿಲ್ಲದ ವಾಕ್ಯಗಳನ್ನು ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ಬಳಿಕ ಅವನಿಗೆ ಓದಿ ಹೇಳುವಾಗ ಬರಹದ ರೂಪವನ್ನೇ ಬಳಸಿ, ಕಿವಿಗೆ ಪರಿಚಯವಾಗಲಿ; ಕಿವಿಗೆ ಬಿದ್ದ ಮೇಲೆ ಅದೇ ರೂಪ ಪುಟದ ಮೇಲೆ ಬಂದಾಗ ಅಪರಿಚಿತವೆನಿಸುವುದಿಲ್ಲ.

ನಮ್ಮ ಪದಗಳು ಪ್ರತ್ಯಯ ಸೇರಿ ಉದ್ದವಾಗುತ್ತವೆ. "ಮನೆ" ಓದುವವನು "ಮನೆಗಳಿಂದ" ಎಂಬಲ್ಲಿ ನಿಂತುಬಿಡಬಹುದು. ಗಳು, ಇಂದ, ಅಲ್ಲಿ, ಅನ್ನು, ಇಗೆ ಎಂಬ ತುಣುಕುಗಳನ್ನು ಬೇರೆ ಬಣ್ಣದಲ್ಲಿ ಬರೆದು, ಒಂದೇ ನೋಟಕ್ಕೆ ಗುರುತಿಸುವಂತೆ ಮಾಡಿದರೆ ಉದ್ದ ಪದದ ಭಯ ಬಹುಮಟ್ಟಿಗೆ ಕಡಿಮೆಯಾಗುತ್ತದೆ.

ಉಚ್ಚಾರಣೆ ಸ್ಪಷ್ಟವಿಲ್ಲವೆಂದು ಓದನ್ನು ತಡೆಯಬೇಡಿ. ಅವನು "ರ" ಎನ್ನಲಾರದೆ "ಲ" ಎಂದರೂ, ನೀವು ಹೇಳಿದಾಗ "ರ"ದ ಚೀಟಿಯನ್ನೇ ಎತ್ತಿಕೊಟ್ಟರೆ ಅವನಿಗೆ ಅಕ್ಷರ ಗೊತ್ತಿದೆ ಎಂದೇ ಅರ್ಥ.

ಪ್ರಶ್ನೆ ಕೇಳಿದ ತಾಯಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಚೀಟಿಗಳನ್ನು ಕಲಸಿ ತೋರಿಸಿ ನೋಡಿದೆ: ಅ, ಕ, ರ, ಮ, ಸ ಮತ್ತು ಅವನ ಹೆಸರಿನ ಅಕ್ಷರಗಳು ಗಟ್ಟಿಯಾಗಿವೆ, ದ, ಧ, ಥ ಮೂರನ್ನೂ ಒಂದೇ ಎಂದು ತಿಳಿದಿದ್ದಾನೆ. ಎರಡು ಅಕ್ಷರಗಳನ್ನು ಬಾಯಿಮಾತಿನಲ್ಲಿ ಕೂಡಿಸುತ್ತಾನೆ, ಮೂರಾದರೆ ಕೊನೆಯ ಎರಡನ್ನು ಮಾತ್ರ ಹೇಳುತ್ತಾನೆ. ಶ್ರವಣ ಪರೀಕ್ಷೆಗೆ ಸಮಯ ಗೊತ್ತುಪಡಿಸಿಕೊಂಡಿದ್ದೇವೆ.

ಇನ್ನು ಎರಡು ಸಂದೇಹಗಳಿವೆ. ಅಪ್ಪ, ಅಮ್ಮ, ಅಕ್ಕ ಎಂಬ ಹತ್ತಿರದ ಪದಗಳಲ್ಲಿಯೇ ಒತ್ತಕ್ಷರಗಳಿವೆ; ಅವುಗಳನ್ನು ಕೊನೆಯವರೆಗೂ ಮುಂದೂಡುವುದು ಹೇಗೆ? ಎರಡನೆಯದಾಗಿ, ನೋಡಿ ಬರೆಯುವುದನ್ನು ನಿಲ್ಲಿಸಿಬಿಡಬೇಕೇ? ಅದರಲ್ಲಿ ಅವನಿಗೆ ಸಂತೋಷವಿದೆ.

ಉತ್ತರ: ವಿಶೇಷ ಶಿಕ್ಷಕಿ

ಎರಡು ಅಕ್ಷರಗಳನ್ನು ಕೂಡಿಸುತ್ತಾನೆ ಎಂದು ತಿಳಿದು ಬಹಳ ಸಂತೋಷವಾಯಿತು. ಹಾಗಾದರೆ ಸರ, ರಸ, ಮರ, ಕರ ಎಂಬ ಎರಡಕ್ಷರದ ಪದಗಳಲ್ಲಿಯೇ ಸಾಕಷ್ಟು ಕಾಲ ನಿಲ್ಲಿ. ಮೂರಕ್ಷರಕ್ಕೆ ಹೋಗುವಾಗ ಮೊದಲೆರಡನ್ನು ಕೂಡಿಸಿ ಗಟ್ಟಿಯಾಗಿ ಹೇಳಿಸಿ, ಆಮೇಲೆ ಮೂರನೆಯದನ್ನು ಹಚ್ಚಿಸಿ: "ಅರ… ಅರಸ". ಇದರಿಂದ, ಮೇಲೆ ತಂದೆಯವರು ಹೇಳಿದಂತೆ ಮೊದಲನೆಯದು ಜಾರಿಹೋಗುವ ತೊಂದರೆ ಕಡಿಮೆಯಾಗುತ್ತದೆ. ಧ, ಥ ಚೀಟಿಗಳನ್ನು ಸದ್ಯಕ್ಕೆ ತೆಗೆದಿಟ್ಟು ದ ಒಂದನ್ನೇ ಉಳಿಸಿ.

ಅಪ್ಪ, ಅಮ್ಮ, ಅಕ್ಕ ಇವುಗಳನ್ನು ಈಗ ಇಡೀ ಪದಗಳಾಗಿಯೇ ಕಲಿಸಿ. ಈ ವಿಷಯದಲ್ಲಿ ಉತ್ತರ 2ರ ದಾರಿಯೇ ಸರಿ. ಒತ್ತಕ್ಷರಗಳನ್ನು ಪಾಠವಾಗಿ ತೆಗೆದುಕೊಳ್ಳುವ ಕಾಲ ಬಂದಾಗ ಸಜಾತೀಯ ಒತ್ತುಗಳಿಂದ ಆರಂಭಿಸಿ, ಅವುಗಳಲ್ಲಿಯೂ ಮೂಲಾಕ್ಷರವನ್ನೇ ಹೋಲುವ ಗ, ದ, ಬ, ಪ ಒತ್ತುಗಳು ಮೊದಲು ಬರಲಿ: ಹಗ್ಗ, ಉದ್ದ, ಹಬ್ಬ, ಉಪ್ಪು. ತ, ನ, ಮ, ಯ, ರ, ಲ ಇವುಗಳ ಒತ್ತುಗಳು ಮೂಲ ರೂಪದಿಂದ ಬೇರೆಯಾಗಿರುವುದರಿಂದ ಅವುಗಳನ್ನು ಹೊಸ ಅಕ್ಷರಗಳೆಂದೇ ಎಣಿಸಿ, ಒಂದೊಂದಾಗಿ ಕಲಿಸಬೇಕು. ಅರ್ಕಾವೊತ್ತು ಎಲ್ಲಕ್ಕಿಂತ ಕೊನೆಗೆ. "ಸೂರ್ಯ" ಎಂಬಲ್ಲಿ ಚಿಹ್ನೆ ಯಕಾರದ ಬಲಕ್ಕೆ ನಿಂತಿದ್ದರೂ ಧ್ವನಿ ಅದಕ್ಕಿಂತ ಮೊದಲು ಬರುತ್ತದೆ. ಕಣ್ಣು ಎಡದಿಂದ ಬಲಕ್ಕೆ ಓಡಬೇಕೆಂದು ಈಗತಾನೇ ಕಲಿತವನಿಗೆ ಇದು ನಿಜವಾಗಿಯೂ ಕಷ್ಟ.

ನೋಡಿ ಬರೆಯುವುದನ್ನು ನಿಲ್ಲಿಸಬೇಡಿ, ಅದರ ರೀತಿಯನ್ನು ಬದಲಿಸಿ. ಪುಟಗಟ್ಟಲೆ ಬದಲು ಅವನು ಓದಬಲ್ಲ ಮೂರೇ ಪದಗಳನ್ನು ಕೊಡಿ. ಮೊದಲು ಪದವನ್ನು ಓದಲಿ, ನೀವು ಅದನ್ನು ಮುಚ್ಚಿ, ಅವನು ಪ್ರತಿ ಅಕ್ಷರವನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಬರೆಯಲಿ, ಬಳಿಕ ತೆರೆದು ತಾನೇ ತಾಳೆ ನೋಡಲಿ. ಅವನ ಕೈಬರಹ ಚೆನ್ನಾಗಿರುವುದು ಇಲ್ಲಿ ದೊಡ್ಡ ಅನುಕೂಲ, ಏಕೆಂದರೆ ಎಷ್ಟೋ ಮಕ್ಕಳಿಗೆ ಅಕ್ಷರ ಗೊತ್ತಿದ್ದರೂ ಕೈ ಸಹಕರಿಸುವುದಿಲ್ಲ. ಫೋನಿನ ಕನ್ನಡ ಕೀಲಿಮಣೆಯಲ್ಲಿ ಪದಗಳನ್ನು ಮೂಡಿಸುವುದೂ ಒಳ್ಳೆಯ ಅಭ್ಯಾಸವೇ. ವ್ಯಂಜನಕ್ಕೆ ಸ್ವರಚಿಹ್ನೆ ಹತ್ತಿ ಆಕಾರ ಬದಲಾಗುವುದನ್ನು ಅವನು ಕಣ್ಣೆದುರಿಗೇ ಕಾಣುತ್ತಾನೆ. ಪದವನ್ನು ತಾನಾಗಿಯೇ ಸೂಚಿಸುವ ಸೌಲಭ್ಯವನ್ನು ಮಾತ್ರ ಆಗ ನಿಲ್ಲಿಸಿಡಿ.

ಪ್ರತಿ ಪಾಠದ ಕೊನೆಗೆ, ಅವನು ತಡವರಿಸದೆ ಓದಿದ ಪದಗಳನ್ನೂ ತಡವರಿಸಿದವುಗಳನ್ನೂ ಒಂದು ಹಾಳೆಯಲ್ಲಿ ದಿನಾಂಕದೊಡನೆ ಬರೆದಿಡಿ. ಒಂದೇ ಅಕ್ಷರದಲ್ಲಿ ತಪ್ಪು ಮರುಕಳಿಸುತ್ತಿದ್ದರೆ ಆ ಹಾಳೆಯ ವಿವರವನ್ನು ಇಲ್ಲಿ ಬರೆಯಿರಿ, ಆ ಅಕ್ಷರವನ್ನು ಯಾವುದರಿಂದ ಬೇರ್ಪಡಿಸಿ ಕಲಿಸಬೇಕೆಂದು ನೋಡೋಣ. ಶ್ರವಣ ಪರೀಕ್ಷೆಯ ಫಲಿತಾಂಶವನ್ನೂ ದಯವಿಟ್ಟು ತಿಳಿಸಿ. ಕಿವಿಯಲ್ಲಿ ತೊಂದರೆ ಕಂಡುಬಂದರೆ ನಾನು ಹೇಳಿರುವ ಅಕ್ಷರಗಳ ಕ್ರಮವನ್ನು ಸ್ವಲ್ಪ ಬದಲಿಸಬೇಕಾಗುತ್ತದೆ.